ಕಳಿಸಿದರೆ ಸಾಲದು, ಮುಟ್ಟಬೇಕು

2024ರ ಡಿಸೆಂಬರ್ 31ರ ನಸುಕಿನಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ಚಿರತೆಯೊಂದು ಕಾಣಿಸಿಕೊಂಡಿತು. ಅರಣ್ಯ ಇಲಾಖೆಯವರು ಹುಡುಕಾಟಕ್ಕಿಳಿದರು. ಈ ದಿನ ಆವರಣಕ್ಕೆ ಬರಬೇಡಿ, ಮನೆಯಿಂದಲೇ ಕೆಲಸ ಮಾಡಿ ಎಂಬ ಸೂಚನೆ ನೌಕರರಿಗೆ ಹೋಯಿತು. ಇಂಥ ಸೂಚನೆಯ ಆಯುಷ್ಯ ಬಹಳ ಕಡಿಮೆ. ಮನೆಯಿಂದ ಹೊರಡುವ ಮೊದಲು ಸಿಕ್ಕರೆ ಅದಕ್ಕೆ ಬೆಲೆ, ಗೇಟಿನ ಮುಂದೆ ನಿಂತ ಮೇಲೆ ಸಿಕ್ಕರೆ ಅದು ಬರೀ ಸುದ್ದಿ. ಮೈಸೂರಿನ ದಿನಚರಿಯಲ್ಲಿ ಇಂಥ ಅಲ್ಪಾಯುಷಿ ಸಂದೇಶಗಳು ಎಷ್ಟೋ ಇವೆ: ಕಬಿನಿಯಿಂದ ನೀರು ಬಿಟ್ಟಿದ್ದಾರೆ, ಇವತ್ತು ಹತ್ತರಿಂದ ಐದರವರೆಗೆ ಕರೆಂಟ್ ಇಲ್ಲ, ಪೈಪ್ ಒಡೆದು ನೀರು ಬರುವುದಿಲ್ಲ, ಮಳೆಯಿಂದಾಗಿ ಶಾಲೆಗೆ ರಜೆ. ಕೆಲವು ವರ್ಷಗಳ ಹಿಂದೆ ಪತ್ರಿಕೆ, ರೇಡಿಯೊ, ಧ್ವನಿವರ್ಧಕ ಕಟ್ಟಿದ ಆಟೊಗಳ ಮೂಲಕ ಬರುತ್ತಿದ್ದ ಇವು ಈಗ ಬಹುಪಾಲು ಚಾಟ್ ಗ್ರೂಪುಗಳಿಗೆ, ಮೊಬೈಲಿನ ಮತ್ತು ಬ್ರೌಸರಿನ ನೋಟಿಫಿಕೇಶನ್‌ಗಳಿಗೆ ಸೇರಿಕೊಂಡಿವೆ. ಗ್ರೂಪಿಗೆ ಹಾಕಿದರೆ ಕ್ಷಣಾರ್ಧದಲ್ಲಿ ಎಲ್ಲರಿಗೂ ಹೋಯಿತು ಎಂಬ ನಂಬಿಕೆ ಕಚೇರಿಗಳಲ್ಲೂ ಜನರಲ್ಲೂ ಬೇರೂರಿದೆ. ಈ ನಂಬಿಕೆಯನ್ನೇ ನಾನು ಪ್ರಶ್ನಿಸುತ್ತೇನೆ. ತತ್‌ಕ್ಷಣದ ಸಂದೇಶ ವ್ಯವಸ್ಥೆಯನ್ನು ವೇಗದಿಂದ ಅಳೆಯುವುದು ತಪ್ಪು ಅಳತೆ. ಮುಟ್ಟಿತೋ ಇಲ್ಲವೋ ಎಂಬುದಕ್ಕೆ ಯಾರು ಹೊಣೆ ಎಂಬುದೇ ಸರಿಯಾದ ಅಳತೆ, ಮತ್ತು ಆ ಹೊಣೆ ಕಳಿಸುವವರದು.

ಮುಟ್ಟಿಸುವ ಹೊಣೆಯನ್ನು ಸಂಸ್ಥೆಯೊಂದು ಹೊರುವುದು ಮೈಸೂರಿಗೆ ಹೊಸದೇನಲ್ಲ. 17ನೆಯ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಂದಿಗೆ ವಿಲೀನವಾಗುವ ತನಕ ಸಂಸ್ಥಾನದ ಸ್ವಂತ ವ್ಯವಸ್ಥೆಯಾಗಿತ್ತು. ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದರು. ಅಲ್ಲಿ ಹೇಳುವವರಿಗೂ ಕೇಳುವವರಿಗೂ ನಡುವೆ ಒಂದು ಗೊತ್ತಾದ ಹೊತ್ತಿನ ಒಪ್ಪಂದವಿತ್ತು. 2012ರಲ್ಲಿ ಕೆಎಸ್‌ಆರ್‌ಟಿಸಿ ಮೈಸೂರು ನಗರ ಸಾರಿಗೆಯಲ್ಲಿ 'ಮಿತ್ರ' ಎಂಬ ಯೋಜನೆ ತಂದು, ಸುಮಾರು 500 ಬಸ್ಸುಗಳಿಗೆ ಜಿಪಿಎಸ್ ಅಳವಡಿಸಿ, ಮುಂದಿನ ಬಸ್ ಎಷ್ಟು ನಿಮಿಷದಲ್ಲಿ ಬರುತ್ತದೆ ಎಂದು ನಿಲ್ದಾಣದ ಫಲಕಗಳಲ್ಲಿ ತೋರಿಸಿತು. ಆ ಫಲಕ ನಿಂತು ನೋಡಿದವರಿಗೆ ಹೇಳುತ್ತಿತ್ತು. ಮನೆಯಲ್ಲಿರುವವರನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ, ಹೋಗುತ್ತೇನೆ ಎಂದು ಮಾತು ಕೊಟ್ಟೂ ಇರಲಿಲ್ಲ. ಚಾಟ್ ನೋಟಿಫಿಕೇಶನ್ ಈ ಎಲ್ಲಕ್ಕಿಂತ ದೊಡ್ಡ ಮಾತು ಕೊಡುತ್ತದೆ. ನೀವು ನೋಡದಿದ್ದರೂ ಪರವಾಗಿಲ್ಲ, ಬೇಕಾದದ್ದು ಬಂದಾಗ ನಾನೇ ಎಚ್ಚರಿಸುತ್ತೇನೆ ಎನ್ನುತ್ತದೆ. ಆ ಮಾತನ್ನು ನಂಬಿ ಜನ ರೇಡಿಯೊ ಕೇಳುವುದನ್ನು ಬಿಡುತ್ತಾರೆ, ನೋಟಿಸ್ ಬೋರ್ಡ್ ನೋಡುವುದನ್ನು ಬಿಡುತ್ತಾರೆ. ಹಳೆಯ ದಾರಿಗಳು ಪಾಳು ಬಿದ್ದ ಮೇಲೆ ಹೊಸ ದಾರಿ ಮಾತು ತಪ್ಪಿದರೆ ಆಗುವ ನಷ್ಟ ಮೊದಲಿಗಿಂತ ಹೆಚ್ಚು. ಹಾಗಾಗಿ ಆ ಮಾತಿನ ಹಿಂದೆ ಎಷ್ಟು ಬಲವಿದೆ ಎಂದು ಬಿಚ್ಚಿ ನೋಡಲೇಬೇಕು.

ವೆಬ್ ಹುಟ್ಟಿದ್ದೇ ಕೇಳಿದರೆ ಕೊಡುವ ಸ್ವಭಾವದಲ್ಲಿ. ಬ್ರೌಸರ್ ಕೇಳಬೇಕು, ಸರ್ವರ್ ಉತ್ತರಿಸಬೇಕು. ಸರ್ವರ್ ತಾನಾಗಿಯೇ ಬಾಯಿ ತೆರೆಯುವಂತಿರಲಿಲ್ಲ. ಚಾಟ್‌ಗೆ ಇದು ಒಗ್ಗದ ಸ್ವಭಾವ. ಮೊದಲು ಬ್ರೌಸರ್ ಕೆಲವು ಸೆಕೆಂಡಿಗೊಮ್ಮೆ 'ಹೊಸದೇನಾದರೂ ಇದೆಯೇ' ಎಂದು ಕೇಳುತ್ತಲೇ ಇರುವ ಉಪಾಯ ಹೂಡಿದರು. ನೂರು ಸಲ ಕೇಳಿದರೆ ತೊಂಬತ್ತೊಂಬತ್ತು ಸಲ 'ಇಲ್ಲ' ಎಂಬ ಉತ್ತರ, ಬ್ಯಾಟರಿಯೂ ಡೇಟಾವೂ ದಂಡ. ಆಮೇಲೆ ಕೇಳಿದ ಪ್ರಶ್ನೆಗೆ ಸರ್ವರ್ ತಕ್ಷಣ ಉತ್ತರಿಸದೆ, ಹೇಳಲು ಏನಾದರೂ ಬರುವ ತನಕ ತಡೆದುಕೊಂಡಿರುವ ಉಪಾಯ ಬಂತು. 2011ರ ಡಿಸೆಂಬರಿನಲ್ಲಿ ವೆಬ್‌ಸಾಕೆಟ್ ಎಂಬ ನಿಯಮಾವಳಿ ಅಧಿಕೃತವಾಯಿತು: ಒಮ್ಮೆ ಸಂಪರ್ಕ ಕೂಡಿದರೆ ಎರಡೂ ಕಡೆಯವರು ಬೇಕಾದಾಗ ಮಾತಾಡಬಹುದು. ಇಂದಿನ ಬಹುಪಾಲು ವೆಬ್ ಚಾಟ್‌ಗಳು ನಿಂತಿರುವುದು ಇದರ ಮೇಲೆ, ಮತ್ತು ಸಂಪರ್ಕ ಇರುವ ತನಕ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಆದರೆ ಕುವೆಂಪುನಗರದ ಮನೆಯಲ್ಲಿ ವೈಫೈಗೆ ಅಂಟಿಕೊಂಡಿದ್ದ ಫೋನು ಬಸ್ ಹತ್ತಿದ ಕೂಡಲೇ ಮೊಬೈಲ್ ನೆಟ್‌ವರ್ಕಿಗೆ ಹೊರಳುತ್ತದೆ. ಅದರ ವಿಳಾಸ ಬದಲಾಗುತ್ತದೆ, ಹಳೆಯ ಸಂಪರ್ಕ ಸತ್ತುಹೋಗುತ್ತದೆ. ಸತ್ತ ಸಂಗತಿ ಸರ್ವರಿಗೆ ಗೊತ್ತಿಲ್ಲ. ಆಗಾಗ ಮೈದಡವಿ ಕೇಳದಿದ್ದರೆ ಅದು ನಿಮಿಷಗಟ್ಟಲೆ ಆ ಸತ್ತ ಸಂಪರ್ಕಕ್ಕೇ ಸಂದೇಶ ಸುರಿಯುತ್ತಾ 'ಕಳಿಸಿದೆ' ಎಂದು ಲೆಕ್ಕ ಬರೆದುಕೊಳ್ಳುತ್ತದೆ. ಕಳಿಸಿದ್ದಕ್ಕೂ ಮುಟ್ಟಿದ್ದಕ್ಕೂ ನಡುವಿನ ಬಿರುಕು ಶುರುವಾಗುವುದು ಇಲ್ಲಿಂದ.

ಟ್ಯಾಬ್ ಮುಚ್ಚಿದ್ದರೆ ಆ ಬಿರುಕು ಇನ್ನೂ ಅಗಲವಾಗುತ್ತದೆ. ಆಗ ವೆಬ್‌ಸಾಕೆಟ್ ಇರುವುದೇ ಇಲ್ಲ. ಚಾಟ್ ಸರ್ವರ್ ತನ್ನ ಸಂದೇಶವನ್ನು ಬ್ರೌಸರ್ ತಯಾರಿಸಿದ ಕಂಪನಿಯ ಪುಶ್ ಸೇವೆಗೆ ಒಪ್ಪಿಸಬೇಕು: ಕ್ರೋಮ್ ಆದರೆ ಗೂಗಲ್, ಫೈರ್‌ಫಾಕ್ಸ್ ಆದರೆ ಮೊಜಿಲ್ಲಾ, ಸಫಾರಿ ಆದರೆ ಆಪಲ್. 2016ರ ಕೊನೆಯಲ್ಲಿ ಬಂದ ವೆಬ್ ಪುಶ್ ನಿಯಮಾವಳಿ, ಆರ್‌ಎಫ್‌ಸಿ 8030, ಈ ಹಸ್ತಾಂತರದ ಕ್ರಮವನ್ನು ಹೇಳುತ್ತದೆ. ಅದರಲ್ಲಿ ಪ್ರತಿ ಸಂದೇಶಕ್ಕೂ ಆಯುಷ್ಯ ನಮೂದಿಸುವುದು ಕಡ್ಡಾಯ. ಅಷ್ಟು ಹೊತ್ತಿನೊಳಗೆ ಫೋನು ಸಿಗದಿದ್ದರೆ ಸಂದೇಶವನ್ನು ಬಿಸಾಡಬಹುದು. ಪುಶ್ ಸೇವೆ 201 ಎಂಬ ಸಂಕೇತ ಕೊಟ್ಟರೆ 'ತೆಗೆದುಕೊಂಡಿದ್ದೇನೆ' ಎಂದರ್ಥ, 'ಮುಟ್ಟಿಸಿದ್ದೇನೆ' ಎಂದಲ್ಲ. ಅಲ್ಲಿಂದಾಚೆ ಫೋನಿನದೇ ಕಾನೂನು. 2015ರ ಆಂಡ್ರಾಯ್ಡ್ 6ರಿಂದ, ಅಲುಗದೆ ಬಿದ್ದಿರುವ ಫೋನು ಬ್ಯಾಟರಿ ಉಳಿಸಲು ನೆಟ್‌ವರ್ಕ್ ಕೆಲಸಗಳನ್ನು ಮುಂದಕ್ಕೆ ಹಾಕುತ್ತದೆ. 2021ರ ಕ್ರೋಮ್ 88ರಿಂದ, ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಮರೆಯಲ್ಲಿರುವ ಟ್ಯಾಬಿನ ಗಡಿಯಾರ ಕೆಲವು ಸಂದರ್ಭಗಳಲ್ಲಿ ನಿಮಿಷಕ್ಕೊಮ್ಮೆ ಮಾತ್ರ ಮಿಡಿಯುತ್ತದೆ. 2022ರ ಆಂಡ್ರಾಯ್ಡ್ 13ರಿಂದ, ಆ್ಯಪ್‌ಗಳು ಬಳಕೆದಾರರ ಅನುಮತಿ ಪಡೆಯದೆ ನೋಟಿಫಿಕೇಶನ್ ತೋರಿಸುವಂತಿಲ್ಲ. ಐಫೋನಿನಲ್ಲಿ ವೆಬ್ ಪುಶ್ ಸಾಧ್ಯವಾದದ್ದೇ 2023ರ ಮಾರ್ಚಿನಲ್ಲಿ, ಅದೂ ಆ ತಾಣವನ್ನು ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡವರಿಗೆ ಮಾತ್ರ. ಈ ನಿರ್ಬಂಧಗಳಲ್ಲಿ ಯಾವುದೂ ಅವಿವೇಕದ್ದಲ್ಲ. ಬಳಕೆದಾರನ ಬ್ಯಾಟರಿ ಮತ್ತು ನೆಮ್ಮದಿಯನ್ನು ಕಾಯಲು ಬಂದವು. ಆದರೆ ಎಲ್ಲವೂ ಸೇರಿ ಒಂದು ಸತ್ಯ ಹೇಳುತ್ತವೆ. ನೋಟಿಫಿಕೇಶನ್ ಎಂಬುದು ಕೈಯಿಂದ ಕೈಗೆ ದಾಟುತ್ತಾ ಹೋಗುವ ಪ್ರಯತ್ನ, ನಡುವಿನ ಯಾವ ಕೈಯೂ ಪೂರ್ತಿ ಭರವಸೆ ಕೊಟ್ಟಿಲ್ಲ.

ಇದನ್ನು ಒಪ್ಪಿಕೊಂಡರೆ ವ್ಯವಸ್ಥೆಯನ್ನು ಕಟ್ಟುವ ರೀತಿಯೇ ಬದಲಾಗುತ್ತದೆ. ನೋಟಿಫಿಕೇಶನ್ ಬಾಗಿಲು ತಟ್ಟುವ ಸದ್ದು ಮಾತ್ರ, ಸಂದೇಶವೇ ಬೇರೆ. ಸದ್ದು ಕೇಳಿಸದೆ ಹೋಗಬಹುದು, ಸಂದೇಶ ಕಳೆದುಹೋಗಬಾರದು. ಹಾಗಾಗಬೇಕಾದರೆ ಪ್ರತಿ ಸಂದೇಶವನ್ನೂ ಮೊದಲು ಸರ್ವರಿನಲ್ಲಿ ಭದ್ರವಾಗಿ ಬರೆದಿಟ್ಟು, ಅದಕ್ಕೊಂದು ಕ್ರಮಸಂಖ್ಯೆ ಕೊಟ್ಟು, ಆಮೇಲಷ್ಟೇ ಕಳಿಸಬೇಕು. ಫೋನು ಮತ್ತೆ ಸಂಪರ್ಕಕ್ಕೆ ಬಂದಾಗ 'ನನ್ನ ಹತ್ತಿರ 412ರ ತನಕ ಇದೆ' ಎನ್ನಬೇಕು, ಸರ್ವರ್ 413ರಿಂದ ಮುಂದಿನದನ್ನು ಕೊಡಬೇಕು. ಒಂದೇ ಸಂದೇಶ ಎರಡು ಸಲ ಬಂದರೆ ಸಂಖ್ಯೆ ನೋಡಿ ಒಂದನ್ನು ಬಿಡಬೇಕು. ಫೋನಿನಿಂದ 'ಸಿಕ್ಕಿತು' ಎಂಬ ಮರುನುಡಿ ಗೊತ್ತಾದ ಸಮಯದೊಳಗೆ ಬಾರದಿದ್ದರೆ ಇನ್ನೊಂದು ದಾರಿ ಹಿಡಿಯಬೇಕು: ಎಸ್‌ಎಂಎಸ್, ಅದೂ ಆಗದಿದ್ದರೆ ಧ್ವನಿಕರೆ. ನಂಬಲಾಗದ ದಾರಿಯಲ್ಲಿ ಸಂದೇಶ ಕಳಿಸುವ ಇಬ್ಬರೂ ಏಕಕಾಲಕ್ಕೆ ಸಂಪೂರ್ಣ ನಿಶ್ಚಿಂತರಾಗಲು ಸಾಧ್ಯವಿಲ್ಲ ಎಂಬುದು ಕಂಪ್ಯೂಟರ್ ವಿಜ್ಞಾನದಲ್ಲಿ ಸಾಧಿತವಾದ ಮಾತು. ಕೊನೆಯ ಮರುನುಡಿಯೇ ದಾರಿಯಲ್ಲಿ ಕಳೆದುಹೋಗಿರಬಹುದಲ್ಲ. ಅದು ಕೈಚೆಲ್ಲಲು ಕಾರಣವಲ್ಲ. ಸಂದೇಹವಿದ್ದಾಗ ಮತ್ತೊಮ್ಮೆ ಕಳಿಸಿ, ಎರಡು ಸಲ ಬಂದದ್ದನ್ನು ಒಂದಾಗಿಸಿ ಎಂಬ ಶಿಸ್ತಿಗೆ ಅದೇ ಬುನಾದಿ. ಒಮ್ಮೆ ಗ್ರೂಪಿಗೆ ಹಾಕಿ ಕೈತೊಳೆದುಕೊಳ್ಳುವ ಪದ್ಧತಿಯಲ್ಲಿ ಈ ಶಿಸ್ತಿನ ಒಂದಂಶವೂ ಇಲ್ಲ.

ಇದಕ್ಕೆ ಮೊದಲ ಆಕ್ಷೇಪ: ಸಾಮಾನ್ಯವಾಗಿ ಎಲ್ಲರಿಗೂ ಮುಟ್ಟುತ್ತಲೇ ಇದೆ, ನೀಲಿ ಟಿಕ್ ಕಾಣುತ್ತದೆ, ಇನ್ನೇನು ಬೇಕು? ಸಾಮಾನ್ಯ ದಿನದ ಸಾಮಾನ್ಯ ಹರಟೆಗೆ ಈ ಮಾತು ಸರಿ. ಆದರೆ ಎಚ್ಚರಿಕೆಯ ವ್ಯವಸ್ಥೆಯನ್ನು ಸಾಮಾನ್ಯ ದಿನದಿಂದ ಅಳೆಯಲಾಗದು. 2019ರ ಆಗಸ್ಟ್‌ನಲ್ಲಿ ಕಬಿನಿ ತುಂಬಿ ಹರಿದು ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತು, ಮೈಸೂರು–ನಂಜನಗೂಡು ರಸ್ತೆಯಲ್ಲಿ ಸಂಚಾರ ನಿಂತಿತು. ಭಾರಿ ಮಳೆಯ ಅಂಥ ದಿನಗಳಲ್ಲೇ ಕರೆಂಟ್ ಹೋಗುವುದು, ಟವರುಗಳು ಕುಂಟುವುದು, ಫೋನು ಚಾರ್ಜಿಲ್ಲದೆ ಮಲಗುವುದು. ಅಂದರೆ ಸಂದೇಶ ಅತ್ಯಗತ್ಯವಾದ ಹೊತ್ತಿಗೇ ಅದು ಮುಟ್ಟುವ ಸಾಧ್ಯತೆ ಅತಿ ಕಡಿಮೆ. ಇನ್ನು ಟಿಕ್ ಗುರುತಿನ ಮಾತು. ಅದು ಸಾಧನಕ್ಕೆ ತಲುಪಿದ್ದನ್ನೋ ಪರದೆಯ ಮೇಲೆ ತೆರೆದದ್ದನ್ನೋ ಹೇಳುತ್ತದೆ. ತಲುಪದವರಿಗೆ ಮುಂದೇನು ಮಾಡಬೇಕು ಎಂಬುದನ್ನು ಯಾವ ಟಿಕ್ಕೂ ಹೇಳುವುದಿಲ್ಲ. ಇನ್ನೂರು ಜನರ ಗ್ರೂಪಿನಲ್ಲಿ ನೂರೆಂಬತ್ತು ಜನರಿಗೆ ಮುಟ್ಟಿದೆ ಎಂದು ತಿಳಿದರೆ, ಮಿಕ್ಕ ಇಪ್ಪತ್ತು ಜನರ ಪಾಡು ನೋಡುವವರು ಇದ್ದಾಗ ಮಾತ್ರ ಆ ತಿಳಿವಳಿಕೆಗೆ ಅರ್ಥ.

ಮುಟ್ಟಿತು ಎಂದಮಾತ್ರಕ್ಕೆ ಗಮನಕ್ಕೆ ಬಂತು ಎಂದೂ ಅಲ್ಲ. ಮನುಷ್ಯನ ಗಮನ ಮಿತವಾದದ್ದು. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋಟಿಫಿಕೇಶನ್ ಬಂದಾಗ ಫೋನನ್ನು ಮುಟ್ಟದೇ ಇದ್ದವರ ಏಕಾಗ್ರತೆಯೂ ಕದಡಿತ್ತು. 2019ರ ಇನ್ನೊಂದು ಪ್ರಯೋಗದಲ್ಲಿ 237 ಜನರನ್ನು ಎರಡು ವಾರ ಗಮನಿಸಿದರು: ನೋಟಿಫಿಕೇಶನ್‌ಗಳನ್ನು ದಿನಕ್ಕೆ ಮೂರು ಸಲ ಒಟ್ಟಾಗಿ ಪಡೆದವರು ಹೆಚ್ಚು ನೆಮ್ಮದಿಯಿಂದಿದ್ದರು; ಒಂದೂ ಪಡೆಯದವರಿಗೆ ಏನೋ ತಪ್ಪಿಹೋಯಿತೆಂಬ ಆತಂಕ ಹೆಚ್ಚಿತ್ತು. ಎರಡನ್ನೂ ಒಟ್ಟಿಗೆ ಓದಿದರೆ ನಮಗೆ ಬೇಕಾದ್ದು ಸಿಗುತ್ತದೆ. ಜನರಿಗೆ ಸದ್ದೇ ಬೇಡವೆಂದಲ್ಲ. ಯಾವುದಕ್ಕೆ ಸದ್ದು, ಯಾವುದಕ್ಕೆ ಮೌನ ಎಂಬ ವಿವೇಚನೆ ಬೇಕು. ಒಂದು ಬಡಾವಣೆಯ ಗ್ರೂಪಿನಲ್ಲಿ ಬೆಳಗ್ಗೆ ಹೂವಿನ ಚಿತ್ರದೊಡನೆ ಬರುವ ಶುಭೋದಯಕ್ಕೂ, ಹುಟ್ಟುಹಬ್ಬದ ಹಾರೈಕೆಗೂ, ಟ್ರಾನ್ಸ್‌ಫಾರ್ಮರ್ ಸುಟ್ಟ ಸುದ್ದಿಗೂ, ನದಿ ಉಕ್ಕುವ ಎಚ್ಚರಿಕೆಗೂ ಒಂದೇ 'ಟಿಂಗ್'. ಹತ್ತು ದಿನ ಕೇಳಿದವರು ಹನ್ನೊಂದನೆಯ ದಿನ ಮ್ಯೂಟ್ ಮಾಡುತ್ತಾರೆ; ಹನ್ನೆರಡನೆಯ ದಿನ ಬಂದ ಎಚ್ಚರಿಕೆ ಅದೇ ಮೌನದಲ್ಲಿ ಮುಳುಗುತ್ತದೆ. ಮ್ಯೂಟ್ ಮಾಡಿದ್ದು ಅವರ ತಪ್ಪು, ಅವರೇ ಅನುಭವಿಸಲಿ ಎಂಬ ವಾದ ಕೇಳಿಬರುತ್ತದೆ. ಆದರೆ ಮ್ಯೂಟ್ ಮಾಡದೆ ಬದುಕಲಾಗದಷ್ಟು ಸದ್ದು ಮಾಡಿದವರು ಯಾರು? ವೆಬ್ ಪುಶ್ ನಿಯಮಾವಳಿಯಲ್ಲೇ ತುರ್ತಿನ ನಾಲ್ಕು ದರ್ಜೆಗಳಿವೆ. ಅತಿ ತುರ್ತಿನದನ್ನು ಮಲಗಿದ ಫೋನನ್ನೂ ಎಬ್ಬಿಸಿ ಕೊಡುವ, ಕೆಳದರ್ಜೆಯದನ್ನು ಫೋನು ತಾನಾಗಿ ಎಚ್ಚರವಾಗುವ ತನಕ ಕಾಯಿಸುವ ಸೌಲಭ್ಯಕ್ಕೆಂದೇ ಅವನ್ನು ಇಟ್ಟದ್ದು. ಸಲಕರಣೆ ಇದೆ, ಅದನ್ನು ಮಿತವಾಗಿ ಬಳಸುವ ಸಂಯಮ ಇಲ್ಲ.

ಕನ್ನಡದ ಓದುಗರಿಗೆ ಇನ್ನೊಂದು ತೊಡಕಿದೆ, ಅದರ ಬಗ್ಗೆ ಈ ವ್ಯವಸ್ಥೆ ಕಟ್ಟುವವರು ಯೋಚಿಸುವುದೇ ಅಪರೂಪ. ಈ ಎಚ್ಚರಿಕೆಯನ್ನು ನೋಡಿ: 'ಕಬಿನಿ ಜಲಾಶಯದಿಂದ ನೀರು ಬಿಡಲಾಗುತ್ತಿದೆ. ನದಿ ಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳಬೇಕು.' ಸ್ವರಚಿಹ್ನೆ, ಒತ್ತಿನ ಸಂಕೇತ, ಖಾಲಿ ಜಾಗ, ಚುಕ್ಕಿ ಎಲ್ಲವನ್ನೂ ಯೂನಿಕೋಡ್ ಲೆಕ್ಕದಲ್ಲಿ ಎಣಿಸಿದರೆ ಇದು 80 ಸಂಕೇತಗಳು. ಇಂಗ್ಲಿಷಿನ ಒಂದು ಎಸ್‌ಎಂಎಸ್‌ನಲ್ಲಿ 160 ಹಿಡಿಸುತ್ತವೆ, ಕನ್ನಡದ್ದರಲ್ಲಿ 70. ಎಪ್ಪತ್ತನೆಯದು ಮುಗಿಯುವುದು 'ಸ್ಥಳಗಳಿಗೆ' ಎಂಬಲ್ಲಿ; 'ತೆರಳಬೇಕು' ಹೊರಗೆ ಉಳಿಯುತ್ತದೆ. ಎರಡು ಭಾಗವಾಗಿ ಕಳಿಸಿದರೆ ಖರ್ಚು ಇಮ್ಮಡಿ, ಹಾಗಾಗಿ ಇಂಗ್ಲಿಷಿನಲ್ಲೇ ಕಳಿಸಿಬಿಡುವ ಆಸೆ ಹುಟ್ಟುತ್ತದೆ. ಫೋನಿನ ಪರದೆಯ ಮೇಲಿನ ನೋಟಿಫಿಕೇಶನ್‌ನಲ್ಲಿ ಖರ್ಚಿನ ಪ್ರಶ್ನೆಯಿಲ್ಲ, ಕತ್ತರಿಯ ಪ್ರಶ್ನೆಯಿದೆ. ಜಾಗ ಸಾಲದೆ ಸಾಲಿನ ಕೊನೆಯಲ್ಲಿ ಮೂರು ಚುಕ್ಕಿ ಇಟ್ಟು ಮಿಕ್ಕದ್ದನ್ನು ಬಚ್ಚಿಡುತ್ತಾರೆ. ಇಂಗ್ಲಿಷಿನಲ್ಲಿ ಕ್ರಿಯೆಯೂ ನಿಷೇಧವೂ ವಾಕ್ಯದ ಮೊದಲ ಭಾಗದಲ್ಲೇ ಬಂದುಬಿಡುತ್ತವೆ. ಕನ್ನಡದಲ್ಲಿ ಅವೆರಡೂ ಕೊನೆಯಲ್ಲಿ. 'ಮಳೆಯ ಕಾರಣ ನಾಳೆ ಜಿಲ್ಲೆಯ ಶಾಲೆಗಳಿಗೆ ರಜೆ' ಎಂಬಲ್ಲಿಗೆ ಕತ್ತರಿಸಿದರೆ, ಮುಂದಿರುವುದು 'ಘೋಷಿಸಿದೆ'ಯೋ 'ಘೋಷಿಸಿಲ್ಲ'ವೋ ತಿಳಿಯುವ ಬಗೆಯೇ ಇಲ್ಲ. ಅಕ್ಷರದ ನಡುವೆಯೇ ಕತ್ತರಿ ಆಡಿದರೆ ಒತ್ತು ಒಂದು ಕಡೆ, ಮೂಲಾಕ್ಷರ ಇನ್ನೊಂದು ಕಡೆ. 'ಸ್ತ್ರೀ' ಎಂಬ ಒಂದೇ ಅಕ್ಷರ ಕಂಪ್ಯೂಟರಿನ ಪಾಲಿಗೆ ಆರು ಸಂಕೇತ. ಸಂಕೇತ ಎಣಿಸಿ ಕತ್ತರಿಸುವ ತಂತ್ರಾಂಶ ಅದನ್ನು 'ಸ್'ಗೆ ನಿಲ್ಲಿಸಲೂಬಹುದು. ಪರಿಹಾರ ಕಷ್ಟದ್ದಲ್ಲ. ಕನ್ನಡದ ಎಚ್ಚರಿಕೆಯ ಮೊದಲ ಮೂರು ಪದಗಳಲ್ಲೇ ತೀರ್ಮಾನ ಬರುವಂತೆ ಬರೆಯಬೇಕು: 'ರಜೆ ಇಲ್ಲ: ನಾಳೆ ಶಾಲೆಗಳು ಎಂದಿನಂತೆ.' 'ನದಿ ಬಿಡಿ: ಕಬಿನಿ ನೀರು ಬರುತ್ತಿದೆ.' ಅನುವಾದದ ಯಂತ್ರಕ್ಕೆ ಇದು ಹೊಳೆಯುವುದಿಲ್ಲ; ಕನ್ನಡದಲ್ಲಿ ಯೋಚಿಸುವ ಒಬ್ಬರು ಕಚೇರಿಯಲ್ಲಿ ಕೂತು ಬರೆಯಬೇಕು.

ಇಷ್ಟೆಲ್ಲ ಸರಿಪಡಿಸಿದರೂ ಒಂದೇ ದಾರಿಯ ಮೇಲೆ ಪೂರ್ತಿ ಭಾರ ಹಾಕುವುದು ಅಪಾಯ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ನಿಂತುಹೋದವು. ನಮ್ಮಲ್ಲಿ ಆಗ ರಾತ್ರಿ. ಅದು ಜಲಾಶಯಗಳು ಉಕ್ಕುವ ಆಗಸ್ಟ್ ತಿಂಗಳ ರಾತ್ರಿಯಾಗಿದ್ದರೆ, ಗ್ರೂಪನ್ನೇ ನಂಬಿದ ನದಿದಂಡೆಯ ಊರುಗಳ ಗತಿಯೇನು? ಇದಕ್ಕೆ ಪರ್ಯಾಯ ನಮ್ಮ ಕೈಯಲ್ಲೇ ಇದೆ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನುಗಳು ಒಮ್ಮೆಲೇ ವಿಚಿತ್ರ ಸದ್ದಿನೊಡನೆ ಅರಚಿಕೊಂಡದ್ದು ದೂರಸಂಪರ್ಕ ಇಲಾಖೆ ನಡೆಸಿದ ಸೆಲ್ ಪ್ರಸಾರದ ಪರೀಕ್ಷೆ. ಆ ವ್ಯವಸ್ಥೆಗೆ ಇಂಟರ್‌ನೆಟ್ ಬೇಡ, ಫೋನ್ ನಂಬರಿನ ಪಟ್ಟಿ ಬೇಡ. ಟವರಿನ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಒಟ್ಟಿಗೆ ಹೇಳುತ್ತದೆ. ಆದರೆ ಅದಕ್ಕೂ ಮಿತಿಯಿದೆ: ಒಂದು ಬೀದಿಗೆ ನೀರು ಬರುವುದಿಲ್ಲ ಎನ್ನಲು ಅದು ತಕ್ಕ ಸಾಧನವಲ್ಲ, ಫೋನೇ ಇಲ್ಲದವರಿಗೆ ಅದೂ ಇಲ್ಲ. ನದಿದಂಡೆಯಲ್ಲಿ ಧ್ವನಿವರ್ಧಕದ ಜೀಪು ಇಂದಿಗೂ ಬೇಕಾಗುವುದು ಅದಕ್ಕೇ. ಪ್ರತಿ ಬಗೆಯ ಸಂದೇಶಕ್ಕೂ ಅದರ ತೂಕಕ್ಕೆ ತಕ್ಕ ದಾರಿಗಳನ್ನು ಮೊದಲೇ ಗೊತ್ತುಮಾಡಿಟ್ಟಿರಬೇಕು. ಹರಟೆಗೆ ಒಂದು ದಾರಿ ಸಾಕು, ಕರೆಂಟಿನ ಸುದ್ದಿಗೆ ಎರಡು, ಪ್ರಾಣದ ಪ್ರಶ್ನೆಗೆ ಇರುವಷ್ಟೂ.

ಇನ್ನೂ ಎರಡು ಆಕ್ಷೇಪಗಳನ್ನು ಗೌರವದಿಂದಲೇ ಎದುರಿಸಬೇಕು. ಸಣ್ಣ ಸಂಸ್ಥೆಗಳಿಗೆ ಇದೆಲ್ಲ ದುಬಾರಿ ಎಂಬುದು ಒಂದು. ಒಂದು ಶಾಲೆ, ಒಂದು ಬಡಾವಣೆ ಸಂಘ ತನ್ನದೇ ಸರ್ವರ್ ಕಟ್ಟಲಾರದು, ನಿಜ; ಕಟ್ಟಬೇಕಾಗಿಯೂ ಇಲ್ಲ. ಹರಟೆಯ ಗ್ರೂಪಿನಿಂದ ಸೂಚನೆಯ ಗ್ರೂಪನ್ನು ಬೇರೆ ಮಾಡಿ, ಅದರಲ್ಲಿ ಜವಾಬ್ದಾರರು ಮಾತ್ರ ಬರೆಯುವಂತೆ ಇಡಲು ಕಾಸು ಖರ್ಚಿಲ್ಲ. ಮುಟ್ಟದವರ ಮನೆಗೆ ಒಂದು ಫೋನ್ ಕರೆ ಮಾಡಲು ಯಾವ ತಂತ್ರಜ್ಞಾನವೂ ಬೇಕಿಲ್ಲ. ಆದರೆ ಮಹಾನಗರಪಾಲಿಕೆ, ವಿದ್ಯುತ್ ಸರಬರಾಜು ನಿಗಮ, ನೀರಾವರಿ ನಿಗಮಗಳಂಥ ಸಾರ್ವಜನಿಕ ಸಂಸ್ಥೆಗಳು ಬಡತನದ ನೆಪ ಹೇಳುವಂತಿಲ್ಲ. ಅವುಗಳಿಗೆ ಬೇಕಾದ ಪರಿಣತರು ಇದೇ ಊರಿನ ಕಾಲೇಜುಗಳಲ್ಲಿ, ಕಂಪನಿಗಳಲ್ಲಿ ಇದ್ದಾರೆ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಮುಟ್ಟಿತೋ ಇಲ್ಲವೋ ಎಂದು ಬೆನ್ನುಹತ್ತುವುದು ಕಣ್ಗಾವಲಾಗುವುದಿಲ್ಲವೇ? ಯಾರು ಯಾವಾಗ ಫೋನ್ ತೆರೆದರು ಎಂಬ ಲೆಕ್ಕ ಕಚೇರಿಗಳ ಕೈಗೆ ಸಿಕ್ಕರೆ ಅದು ದುರುಪಯೋಗವಾಗದೇ ಇರದು. ನೌಕರ ರಾತ್ರಿ ಹನ್ನೊಂದಕ್ಕೆ ಮೆಸೇಜ್ ನೋಡಿಯೂ ಉತ್ತರಿಸಲಿಲ್ಲ ಎಂಬ ದೂರಿಗೆ ಅದೇ ಸಾಕ್ಷಿಯಾಗುತ್ತದೆ. ಹೀಗಾಗಿ ಇಲ್ಲೊಂದು ಗೆರೆ ಎಳೆಯಲೇಬೇಕು. ಸಾಧನಕ್ಕೆ ತಲುಪಿತು ಎಂಬ ಮರುನುಡಿ ಸಾಕು. ಮನುಷ್ಯ ಓದಿದನೇ, ಎಷ್ಟು ಹೊತ್ತಿಗೆ ಓದಿದ ಎಂಬುದು ಕಳಿಸುವವರಿಗೆ ಬೇಡ. ಯಾರಿಗೆ ತಲುಪಿತು ಎಂಬ ಹೆಸರುವಾರು ಲೆಕ್ಕವನ್ನೂ ಆ ಸಂದೇಶದ ಆಯುಷ್ಯ ಮುಗಿದೊಡನೆ ಅಳಿಸಿ, ಒಟ್ಟು ಸಂಖ್ಯೆಯನ್ನಷ್ಟೇ ಇಟ್ಟುಕೊಳ್ಳಬೇಕು. ಹೊಣೆ ಹೊರುವುದು ಕಳಿಸುವವರ ಮೇಲಿನ ಕಟ್ಟಳೆ. ಅದನ್ನು ಪಡೆಯುವವರ ಮೇಲಿನ ಹದ್ದುಗಣ್ಣಾಗಿ ತಿರುಗಿಸಲು ಬಿಡಬಾರದು.

ಈ ವಾದದ ತಿರುಳಿರುವುದು ಸಾರ್ವಜನಿಕ ನೀತಿಯಲ್ಲಿ. ಚಾಟ್ ಮೂಲಕ ಸೂಚನೆ ಕೊಡುವ ಸಂಸ್ಥೆಗಳು ಎಷ್ಟು ಸಂದೇಶ ಕಳಿಸಿದವು ಎಂದು ಸಾಧನೆಯ ಪಟ್ಟಿಯಲ್ಲಿ ಬರೆದುಕೊಳ್ಳುವುದು ಸುಲಭ. ಅದರ ಬದಲು ನೂರು ಮನೆಗಳಲ್ಲಿ ಎಷ್ಟಕ್ಕೆ ಸಂದೇಶ ಸಮಯದೊಳಗೆ ತಲುಪಿತು, ತಲುಪದವರಿಗೆ ಎರಡನೆಯ ದಾರಿ ಯಾವುದಿತ್ತು, ಕನ್ನಡದಲ್ಲಿ ಪೂರ್ತಿ ಕಂಡಿತೇ, 'ತುರ್ತು' ಎಂಬ ಗುರುತನ್ನು ವರ್ಷದಲ್ಲಿ ಎಷ್ಟು ಸಲ ಬಳಸಿದರು ಎಂಬ ನಾಲ್ಕು ಪ್ರಶ್ನೆಗಳಿಗೆ ಪ್ರತಿ ವರ್ಷ ಬಹಿರಂಗವಾಗಿ ಉತ್ತರ ಕೊಡಬೇಕು. ಮಳೆಗಾಲಕ್ಕೆ ಮುನ್ನ ಮೇ ತಿಂಗಳಲ್ಲಿ ಒಮ್ಮೆ ನದಿದಂಡೆಯ ಊರುಗಳಲ್ಲಿ ಪೂರ್ತಿ ಸರಪಳಿಯನ್ನು ಪರೀಕ್ಷಿಸಿ, ಎಲ್ಲಿ ಕಡಿಯಿತು ಎಂಬುದನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಈ ಲೆಕ್ಕ ಕೊಡಲು ಒಪ್ಪುವ ಸಂಸ್ಥೆಗೆ ವೆಬ್‌ಸಾಕೆಟ್ಟೋ ಪುಶ್ಶೋ ಎಸ್‌ಎಂಎಸ್ಸೋ ಎಂಬುದು ಆಯ್ಕೆಯ ಪ್ರಶ್ನೆ ಮಾತ್ರ. ಒಪ್ಪದ ಸಂಸ್ಥೆಗೆ ಎಷ್ಟು ವೇಗದ ತಂತ್ರಜ್ಞಾನ ಕೊಟ್ಟರೂ ಅದು 'ಕಳಿಸಿದ್ದೇವೆ' ಎಂಬ ಉತ್ತರವನ್ನೇ ವೇಗವಾಗಿ ಕೊಡುತ್ತದೆ. ಮುಂದಿನ ಮಳೆಗಾಲದಲ್ಲಿ ಯಾವುದಾದರೂ ಕಚೇರಿ ಹಾಗೆಂದರೆ, ಎಷ್ಟು ಮನೆಗಳಿಗೆ ಮುಟ್ಟಲಿಲ್ಲ ಎಂಬ ಲೆಕ್ಕವನ್ನು ಕೇಳುವ ಹಕ್ಕು ಪ್ರತಿ ನಾಗರಿಕನಿಗೂ ಇದೆ; ಆ ಲೆಕ್ಕ ಇಟ್ಟುಕೊಳ್ಳುವುದು ಕಚೇರಿಯ ಕರ್ತವ್ಯ.